ಹಳೆಯ ಡೆಸ್ಕ್‌ಟಾಪ್ ಪ್ರೊಸೆಸರ್ ತನ್ನ ವೇಗದಲ್ಲಿ ನಿಲ್ಲುತ್ತಿಲ್ಲವೇ? ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಹುಬ್ಬಳ್ಳಿಯ ಡಿಟಿಪಿ ಅಂಗಡಿ, ಗದಗಿನ ಮುದ್ರಣಾಲಯ, ಬ್ಯಾಡಗಿಯ ದಲ್ಲಾಳಿ ಅಂಗಡಿಯ ಲೆಕ್ಕದ ಮೇಜು, ಇಲ್ಲೆಲ್ಲ ಹತ್ತು ಹದಿನೈದು ವರ್ಷ ಹಳೆಯ ಡೆಸ್ಕ್‌ಟಾಪ್‌ಗಳು ಇನ್ನೂ ದಿನಾ ದುಡಿಯುತ್ತಿವೆ. ಕೋರ್ 2 ಡ್ಯುಯೊ, ಎರಡನೆಯ ಮೂರನೆಯ ತಲೆಮಾರಿನ ಐ3 ಮತ್ತು ಐ5, ಎಎಂಡಿಯ ಅಥ್ಲಾನ್ ಹಾಗೂ ಎಫ್‌ಎಕ್ಸ್. ಇವು ಎಡವಿದಾಗ 'ಪ್ರೊಸೆಸರಿಗೆ ವಯಸ್ಸಾಯಿತು, ಹೊಸದು ಕೊಳ್ಳಿ' ಎಂಬ ಮಾತು ಬೇಗ ಬರುತ್ತದೆ. ಬಹಳ ಸಲ ಆ ಮಾತು ತಪ್ಪಾಗಿರುತ್ತದೆ. ತನಗೆ ಗೊತ್ತುಪಡಿಸಿದ ವೇಗ ಮತ್ತು ವೋಲ್ಟೇಜಿನಲ್ಲೇ ಓಡಿದ ಚಿಪ್ಪು ಸುಲಭಕ್ಕೆ ಕೆಡುವುದಿಲ್ಲ. ಅದರ ಸುತ್ತಲಿನ ಬ್ಯಾಟರಿ, ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿಯನ್ನು ಮೇಲಿನ ಲೋಹದ ಹೀಟ್‌ಸಿಂಕಿಗೆ ದಾಟಿಸುವ ಲೇಪ), ಫ್ಯಾನು, ಕೆಪ್ಯಾಸಿಟರ್ (ವಿದ್ಯುತ್ ಹಿಡಿದಿಡುವ ಸಣ್ಣ ಡಬ್ಬಿ) ಮತ್ತು ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ಮೊದಲು ಸೋಲುತ್ತವೆ. ಆದ್ದರಿಂದ ಅಗ್ಗದ ಪರೀಕ್ಷೆಯಿಂದ ಶುರುಮಾಡಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ಮುಚ್ಚಳ ತೆಗೆಯುವ ಮೊದಲು

ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದರಲ್ಲಿ 'ಸ್ಪೆಸಿಫಿಕೇಶನ್' ಸಾಲಿನ ಕೊನೆಗೆ, ಇಂಟೆಲ್ ಚಿಪ್ಪುಗಳಲ್ಲಿ, ಗೊತ್ತುಪಡಿಸಿದ ವೇಗ ಇರುತ್ತದೆ. ಈಗ ಓಡುತ್ತಿರುವ ವೇಗ ಕೆಳಗಡೆ 'ಕೋರ್ ಸ್ಪೀಡ್' ಎಂದು ಕಾಣುತ್ತದೆ. ಲೆಕ್ಕ ಸರಳ: ಬಸ್ ವೇಗವನ್ನು (ಬೋರ್ಡು ಕೊಡುವ ಮೂಲ ಬಡಿತ, ಮೆಗಾಹರ್ಟ್ಸ್‌ನಲ್ಲಿ) ಮಲ್ಟಿಪ್ಲೈಯರಿನಿಂದ ಗುಣಿಸಿದರೆ ಕೋರ್ ವೇಗ. ಕೋರ್ 2 ಡ್ಯುಯೊ ಇ7500ಕ್ಕೆ 266 × 11, ಅಂದರೆ 2.93 ಗಿಗಾಹರ್ಟ್ಸ್. ಇ8400ಕ್ಕೆ 333 × 9, ಅಂದರೆ 3.0. ಐ5-2400ಕ್ಕೆ 100 × 31, ಅಂದರೆ 3.1. ಅಥ್ಲಾನ್ II ಎಕ್ಸ್2 250ಕ್ಕೆ 200 × 15, ಅಂದರೆ 3.0. ವೇಗ ಕಡಿಮೆಯಿದ್ದರೆ ಬಸ್, ಮಲ್ಟಿಪ್ಲೈಯರ್ ಇವೆರಡರಲ್ಲಿ ಯಾವುದು ಇಳಿದಿದೆ ಎಂಬುದೇ ಮೊದಲ ಸುಳಿವು. ಮಲ್ಟಿಪ್ಲೈಯರ್ ಇಳಿದಿದ್ದರೆ ಶಾಖ, ಪವರ್ ಸೆಟ್ಟಿಂಗ್ ಅಥವಾ ಬಯಾಸ್ (ಮದರ್‌ಬೋರ್ಡಿನಲ್ಲೇ ಇದ್ದು ಯಂತ್ರ ಶುರುಮಾಡುವ ತಂತ್ರಾಂಶ) ಪ್ರೊಸೆಸರನ್ನು ಗುರುತಿಸದಿರುವುದು ಕಾರಣ. ಬಸ್ ಇಳಿದಿದ್ದರೆ ಬಯಾಸ್ ಸೆಟ್ಟಿಂಗ್, ಸಿಮಾಸ್ ಬ್ಯಾಟರಿ (ಬಯಾಸ್ ಸೆಟ್ಟಿಂಗ್ ನೆನಪಿಡುವ ಬಿಲ್ಲೆ) ಅಥವಾ ಪ್ರೊಸೆಸರ್ ಕೂರುವ ಸಾಕೆಟ್ಟಿನ ಸಂಪರ್ಕ.

2933ರ ಬದಲು 2926, 3100ರ ಬದಲು 3092 ಕಂಡರೆ ಅದು ದೋಷವಲ್ಲ, ಕ್ಲಾಕಿನ (ಬಡಿತದ ವೇಗದ) ಸಹಜ ಏರಿಳಿತ. ಐ5-2400ರ 3.4 ಗಿಗಾಹರ್ಟ್ಸ್ ಟರ್ಬೊ (ಅವಕಾಶವಿದ್ದಾಗ ತಾನಾಗಿ ಏರುವ ಹೆಚ್ಚಿನ ವೇಗ) ಸದಾ ಸಿಗಬೇಕೆಂದೂ ಇಲ್ಲ. ಎಲ್ಲ ಕೋರ್‌ಗಳ ಮೇಲೂ ಭಾರವಿರುವಾಗ 3.1ಕ್ಕಿಂತ ಕೆಳಗೆ ಇಳಿಯದಿದ್ದರೆ ಚಿಪ್ಪು ಮಾತು ಉಳಿಸಿಕೊಂಡಿದೆ.

ಕ್ಲಾಕ್ ಸರಿಯಿದ್ದೂ ಕಂಪ್ಯೂಟರ್ ತೆವಳುತ್ತಿದ್ದರೆ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ನೋಡಿ. ಹಳೆಯ ಹಾರ್ಡ್ ಡಿಸ್ಕ್ ಶೇ. 100ರಲ್ಲಿ ನಿಂತಿದ್ದರೆ ಪ್ರೊಸೆಸರನ್ನು ಏನು ಮಾಡಿಯೂ ಉಪಯೋಗವಿಲ್ಲ, ಎಸ್‌ಎಸ್‌ಡಿ ಹಾಕಿ. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರ್ ಭದ್ರತಾ ದೋಷಗಳಿಗೆ ಬಂದ ಅಪ್‌ಡೇಟ್‌ಗಳು ಕೆಲವು ಕೆಲಸಗಳನ್ನು ನಿಧಾನಗೊಳಿಸಿದ್ದು ನಿಜ, ಆದರೆ ಕ್ಲಾಕ್ ಇಳಿಸುವುದಿಲ್ಲ.

ಲಕ್ಷಣ: ಸುಮ್ಮನಿದ್ದಾಗ ವೇಗ ಅರ್ಧಕ್ಕೆ ಇಳಿದಿರುತ್ತದೆ

ಇ7500 ಮತ್ತು ಐ5-2400 ಕೆಲಸವಿಲ್ಲದಾಗ 1.6 ಗಿಗಾಹರ್ಟ್ಸ್‌ಗೆ, ಇ8400 2.0ಕ್ಕೆ, ಐ5-4570 ಮತ್ತು ಅಥ್ಲಾನ್ II 0.8ಕ್ಕೆ ಇಳಿಯುತ್ತವೆ. ವಿದ್ಯುತ್ ಉಳಿಸಲು ಹಾಗೆಯೇ ಮಾಡಿದ್ದಾರೆ. ದೊಡ್ಡ ಫೈಲ್ ಜಿಪ್ ಮಾಡಲು ಹಚ್ಚಿ ನೋಡಿ, ಕೂಡಲೇ ಏರಿದರೆ ಏನೂ ಕೆಟ್ಟಿಲ್ಲ. ಬಯಾಸ್‌ನಲ್ಲಿ ವಿದ್ಯುತ್ ಉಳಿಸುವ ಇಐಎಸ್‌ಟಿ, ಸಿ1ಇ ಸೆಟ್ಟಿಂಗ್‌ಗಳನ್ನು ಬಂದ್ ಮಾಡಿ ಸದಾ ಪೂರ್ತಿ ವೇಗದಲ್ಲಿ ಓಡಿಸುವ ಸಲಹೆ ಕೇಳಬೇಡಿ. ಬಿಸಿ ಹೆಚ್ಚುತ್ತದೆ, ಲಾಭ ಕಾಣದು.

ಲಕ್ಷಣ: ಕೆಲಸ ಕೊಟ್ಟರೂ ವೇಗ ಏರುವುದೇ ಇಲ್ಲ

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಶೇ. 100 ಇದೆಯೇ ನೋಡಿ. ಬೇಸಿಗೆಯಲ್ಲಿ ಬಿಸಿ ತಗ್ಗಿಸಲೆಂದು ಯಾರೋ 70ಕ್ಕೆ ಇಳಿಸಿ ಮರೆತಿರುತ್ತಾರೆ. 99 ಇದ್ದರೂ ಟರ್ಬೊ ಬರುವುದಿಲ್ಲ.

ನಂತರ ಬ್ಯಾಟರಿ. ಕಂಪ್ಯೂಟರ್ ಹಚ್ಚಿದಾಗ ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿದ್ದರೆ, ವೆಬ್‌ಸೈಟ್‌ಗಳು ಸರ್ಟಿಫಿಕೇಟ್ ಸರಿಯಿಲ್ಲ ಎನ್ನುತ್ತಿದ್ದರೆ, ಶುರುವಿನಲ್ಲಿ ಚೆಕ್‌ಸಮ್ ಎಂಬ ಸೂಚನೆ ಬಂದು ಎಫ್1 ಒತ್ತಲು ಹೇಳುತ್ತಿದ್ದರೆ, ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ತೀರಿದೆ. ಬಯಾಸ್ ತನ್ನ ಸೆಟ್ಟಿಂಗ್ ಮರೆತಾಗ ಕೆಲವು ಎಲ್‌ಜಿಎ775 (ಕೋರ್ 2 ಡ್ಯುಯೊ ಕೂರುವ ಸಾಕೆಟ್) ಬೋರ್ಡ್‌ಗಳು ಬಸ್ಸನ್ನು 200ಕ್ಕೆ ಇಳಿಸಿಕೊಳ್ಳುತ್ತವೆ. ಆಗ ಇ7500 2.2ರಲ್ಲಿ, ಇ8400 1.8ರಲ್ಲಿ ನಿಲ್ಲುತ್ತದೆ. ಹೊಸ ಬಿಲ್ಲೆ 3 ವೋಲ್ಟಿನ ಮೇಲಿರುತ್ತದೆ. ಮೀಟರಿನಲ್ಲಿ 2.8ಕ್ಕಿಂತ ಕಡಿಮೆ ಬಂದರೆ ಬದಲಿಸಿ. ಮಿರ್ಚಿ ಗಿರ್ಮಿಟ್ಟು ತಿನ್ನುವಷ್ಟು ದುಡ್ಡಿನ ಈ ಬಿಲ್ಲೆಗಾಗಿ ಇಡೀ ಬೋರ್ಡನ್ನೇ ಗುಜರಿಗೆ ಹಾಕಿದವರಿದ್ದಾರೆ.

ಬ್ಯಾಟರಿ ಹಾಕಿದ ಮೇಲೆ ಬಯಾಸ್‌ಗೆ ಹೋಗಿ 'ಲೋಡ್ ಆಪ್ಟಿಮೈಸ್ಡ್ ಡಿಫಾಲ್ಟ್ಸ್' ಆರಿಸಿ. ಪಕ್ಕದಲ್ಲೇ 'ಫೇಲ್-ಸೇಫ್ ಡಿಫಾಲ್ಟ್ಸ್' ಇರುತ್ತದೆ, ಅದು ಬೇಕೆಂದೇ ನಿಧಾನ ಓಡಿಸುವ ಸೆಟ್ಟಿಂಗ್. ಡಿಫಾಲ್ಟ್ ಹಾಕುವ ಮೊದಲು ಡಿಸ್ಕಿನ ಸಾಟಾ ಮೋಡ್ ಐಡಿಇ ಇದೆಯೋ ಎಎಚ್‌ಸಿಐ ಇದೆಯೋ ಬರೆದಿಟ್ಟುಕೊಂಡು, ಆಮೇಲೆ ಅದನ್ನೇ ಮತ್ತೆ ಹಾಕಿ. ಇದು ಬದಲಾದರೆ ವಿಂಡೋಸ್ ಏಳುವುದಿಲ್ಲ, ಇದ್ದ ತೊಂದರೆಗೆ ಇನ್ನೊಂದು ಸೇರುತ್ತದೆ.

ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಹಾಕಿದ ಮೇಲೆ ಹೀಗಾಗಿದ್ದರೆ ಬಯಾಸ್ ಹಳೆಯದಾಗಿ ಚಿಪ್ಪನ್ನು ಗುರುತಿಸುತ್ತಿಲ್ಲ. ಎಎಂಡಿಯ ಹಳೆಯ ಎಎಂ2 ಸಾಕೆಟ್ ಬೋರ್ಡಿಗೆ ಅಥ್ಲಾನ್ II ಹಾಕಿದಾಗ 800 ಮೆಗಾಹರ್ಟ್ಸ್‌ನಲ್ಲೇ ಅಂಟಿಕೊಳ್ಳುವುದು, ಎಲ್‌ಜಿಎ775ರಲ್ಲಿ ಮಲ್ಟಿಪ್ಲೈಯರ್ 6ರಲ್ಲೇ ಉಳಿಯುವುದು ಇದರ ಗುರುತು. ಬೋರ್ಡಿನ ಮೇಲೆ ಅಚ್ಚಾದ ಮಾದರಿ ಮತ್ತು ರಿವಿಜನ್ ಸಂಖ್ಯೆ ಎರಡನ್ನೂ ನೋಡಿಕೊಂಡು, ತಯಾರಕರು ಕೊಟ್ಟ ಪ್ರೊಸೆಸರ್ ಪಟ್ಟಿಯಲ್ಲಿ ಚಿಪ್ಪಿನ ಹೆಸರಿದ್ದರೆ ಮಾತ್ರ ಬಯಾಸ್ ಅಪ್‌ಡೇಟ್ ಮಾಡಿ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ನಡುವೆ ಕರೆಂಟು ಹೋದರೆ ಬೋರ್ಡು ಸತ್ತಂತೆ, ಬಯಾಸ್ ಚಿಪ್ ಪ್ರೋಗ್ರಾಮರ್ ಇರುವ ರಿಪೇರಿಯವರ ಹತ್ತಿರವೇ ಒಯ್ಯಬೇಕಾಗುತ್ತದೆ.

ಲಕ್ಷಣ: ಮೊದಲು ಸರಿ ಓಡುತ್ತದೆ, ಐದಾರು ನಿಮಿಷಕ್ಕೆ ವೇಗ ಕುಸಿಯುತ್ತದೆ

ನಮ್ಮ ಕಡೆ ಅತಿ ಹೆಚ್ಚು ಕಾಣುವ ದೋಷ ಇದೇ, ಏಪ್ರಿಲ್ ಬಂತೆಂದರೆ ಇನ್ನೂ ಜಾಸ್ತಿ. ಕಾರಣ ಶಾಖ. ಚಿಪ್ಪು ತನ್ನ ಮಿತಿ ಮುಟ್ಟಿದಾಗ ಜೀವ ಉಳಿಸಿಕೊಳ್ಳಲು ಮಲ್ಟಿಪ್ಲೈಯರ್ ಇಳಿಸುತ್ತದೆ. ಹಳೆಯ ಪೆಂಟಿಯಂ 4 ಇನ್ನೊಂದು ರೀತಿ ಮಾಡುತ್ತದೆ: ಕ್ಲಾಕ್ ಅಷ್ಟೇ ತೋರಿಸುತ್ತ ನಡುನಡುವೆ ಬಡಿತ ಬಿಡುತ್ತದೆ. ಆದ್ದರಿಂದ ಅದರಲ್ಲಿ ಅಂಕಿ ಸರಿ ಕಂಡರೂ ಕೆಲಸ ತೆವಳುತ್ತದೆ.

ಬಿಸಿ ತೋರಿಸುವ ಕೋರ್ ಟೆಂಪ್ ಅಥವಾ ಎಚ್‌ಡಬ್ಲ್ಯುಇನ್ಫೊ ತೆರೆದಿಟ್ಟು, ಪ್ರೊಸೆಸರಿಗೆ ಪೂರ್ತಿ ಭಾರ ಹಾಕುವ ಪ್ರೈಮ್95 ತಂತ್ರಾಂಶದ 'ಸ್ಮಾಲ್ ಎಫ್‌ಎಫ್‌ಟಿ' ಪರೀಕ್ಷೆಯನ್ನು 15 ನಿಮಿಷ ಓಡಿಸಿ. ಐ5 ತಲೆಮಾರಿನಲ್ಲಿ ಮೊದಲು ಪ್ರೈಮ್95ರಲ್ಲಿ ಎವಿಎಕ್ಸ್ (ಭಾರಿ ಲೆಕ್ಕದ ವಿಶೇಷ ಆದೇಶಗಳು) ಬಂದ್ ಮಾಡಿ, ಇಲ್ಲದಿದ್ದರೆ ದಿನದ ಕೆಲಸದಲ್ಲಿ ಎಂದೂ ಬಾರದಷ್ಟು ಬಿಸಿ ಹುಟ್ಟುತ್ತದೆ. ಇಂಟೆಲ್ ಕೋರ್ ಚಿಪ್ಪುಗಳು ಮಾದರಿಗೆ ತಕ್ಕಂತೆ 95ರಿಂದ 105 ಡಿಗ್ರಿಯ ನಡುವೆ ವೇಗ ಇಳಿಸುತ್ತವೆ. ಎಎಂಡಿ ಅಥ್ಲಾನ್ II, ಫಿನಮ್ II, ಎಫ್‌ಎಕ್ಸ್‌ಗಳ ಮಿತಿ ತೀರ ಕೆಳಗೆ, 61ರಿಂದ 74ರ ಆಸುಪಾಸು. ಇಂಟೆಲ್‌ನಲ್ಲಿ 80ರೊಳಗೆ, ಎಎಂಡಿಯಲ್ಲಿ 60ರೊಳಗೆ ನಿಂತರೆ ನೆಮ್ಮದಿ. ಹಚ್ಚಿದ ಒಂದೇ ನಿಮಿಷದಲ್ಲಿ 95 ಮುಟ್ಟಿದರೆ ಹೀಟ್‌ಸಿಂಕ್ ಚಿಪ್ಪಿಗೆ ಕೂತೇ ಇಲ್ಲ, ಕೂಡಲೇ ನಿಲ್ಲಿಸಿ. ಹತ್ತು ನಿಮಿಷದಲ್ಲಿ ಮೆಲ್ಲಗೆ ಏರಿದರೆ ದೂಳು ಅಥವಾ ಗಾಳಿಯ ಕೊರತೆ. ಈ ವ್ಯತ್ಯಾಸ ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ಕೋಣೆಯ ಬಿಸಿಯನ್ನೂ ಬರೆದುಕೊಳ್ಳಿ. ಫ್ಯಾನು ಅಷ್ಟೇ ತಿರುಗುತ್ತಿದ್ದರೆ ಕೋಣೆ ಎಷ್ಟು ಡಿಗ್ರಿ ಏರುತ್ತದೋ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಡಿಸೆಂಬರಿನ 25 ಡಿಗ್ರಿಯಲ್ಲಿ 80 ತೋರಿಸಿದ್ದು, ಏಪ್ರಿಲ್ ಮಧ್ಯಾಹ್ನದ 38ರಲ್ಲಿ 93ಕ್ಕೆ ಬರುತ್ತದೆ. ತಗಡಿನ ಮಾಡಿನ ಅಂಗಡಿಯಾದರೆ ಇನ್ನೂ ಮೇಲೆ. ಚಳಿಗಾಲದಲ್ಲಿ ಪಾಸಾದ ಯಂತ್ರ ಬೇಸಿಗೆಯಲ್ಲಿ ಎಡವುವುದು ಇದಕ್ಕೇ.

ಈಗ ಮುಚ್ಚಳ ತೆಗೆಯಿರಿ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಒಳಗುಳಿದ ವಿದ್ಯುತ್ ಖಾಲಿ ಮಾಡಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣ ಮುಟ್ಟಿ, ಮೈಯ ಸ್ಟ್ಯಾಟಿಕ್ ಇಳಿಸಿಕೊಳ್ಳಿ. ಕಟ್ಟಿಗೆಯ ಮೇಜಿನ ಮೇಲೆ ಕೆಲಸ ಮಾಡಿ, ಪ್ಲಾಸ್ಟಿಕ್ ಹಾಳೆ ಬೇಡ.

ದೂಳಿನಲ್ಲೂ ಊರಿಗೊಂದು ಬಗೆ. ಬೆಟಗೇರಿಯ ಮಗ್ಗದ ಮನೆಗಳಲ್ಲಿ, ಅರಳೆ ಅಂಗಡಿಗಳಲ್ಲಿ ಹತ್ತಿಯ ಎಳೆ ಸೇರಿ ಫ್ಯಾನಿನ ಕೆಳಗೆ ಕಂಬಳಿಯಂಥ ಪದರ ಕೂರುತ್ತದೆ. ಮೇಲಿನಿಂದ ಫ್ಯಾನು ಸ್ವಚ್ಛ ಕಾಣುತ್ತದೆ, ಕೆಳಗಿನ ಅಲ್ಯೂಮಿನಿಯಂ ಎಸಳುಗಳ ನಡುವೆ ಗಾಳಿಯೇ ಹೋಗುವುದಿಲ್ಲ. ಫ್ಯಾನು ಬಿಚ್ಚಿಯೇ ನೋಡಬೇಕು. ಹಿಟ್ಟಿನ ಗಿರಣಿಯ ಹತ್ತಿರದ ದೂಳು ಮಳೆಗಾಲದ ತೇವಕ್ಕೆ ಗಟ್ಟಿಯಾಗಿ ಊದಿದರೆ ಹೋಗದು, ಮೆತ್ತನೆಯ ಬ್ರಷ್ ಬೇಕು. ಮೆಣಸಿನಕಾಯಿ ಪೇಟೆಯ ಯಂತ್ರವನ್ನು ಊದುವಾಗ ಮೂಗು ಕಣ್ಣು ಮುಚ್ಚಿಕೊಳ್ಳಿ, ಬಯಲಲ್ಲಿ ಮಾಡಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಬಿಟ್ಟರೆ ಅತಿವೇಗಕ್ಕೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡವೇ ಬೇಡ. ಅದರ ಗಾಳಿಯ ಜೊತೆ ನೀರು, ಎಣ್ಣೆ ಎರಡೂ ಬರುತ್ತವೆ.

ಫ್ಯಾನನ್ನು ಬೆರಳಿನಿಂದ ತಿರುಗಿಸಿ ಬಿಡಿ. ಸಲೀಸಾಗಿ ಸುತ್ತಬೇಕು. ಅರ್ಧ ಸುತ್ತಿಗೆ ತಟ್ಟನೆ ನಿಂತರೆ ಬೇರಿಂಗಿನ ಎಣ್ಣೆ ಒಣಗಿದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರೆ ಕೆಲವು ವಾರ ನಡೆಯುತ್ತದೆ, ಅಷ್ಟರೊಳಗೆ ಹೊಸ ಫ್ಯಾನು ತನ್ನಿ.

ಪೇಸ್ಟ್ ಬದಲಿಸುವ ವಿಧಾನದಲ್ಲಿ ಅವಸರ ಬೇಡ. ಹತ್ತು ನಿಮಿಷ ಯಂತ್ರ ಓಡಿಸಿ, ಬಂದ್ ಮಾಡಿ, ಪ್ಲಗ್ ಕಿತ್ತು, ಪೇಸ್ಟ್ ಇನ್ನೂ ಬೆಚ್ಚಗಿರುವಾಗಲೇ ಹೀಟ್‌ಸಿಂಕ್ ತೆಗೆಯಿರಿ. ಎಎಂಡಿ ಎಎಂ2, ಎಎಂ3 ಸಾಕೆಟ್‌ಗಳಲ್ಲಿ ಇದು ಬಹಳ ಮುಖ್ಯ. ಒಣ ಪೇಸ್ಟ್ ಅಂಟಿನಂತೆ ಹಿಡಿದಿರುತ್ತದೆ, ನೇರ ಎಳೆದರೆ ಸಾಕೆಟ್ಟಿನ ಲಿವರ್ ಹಾಕಿದ್ದರೂ ಪ್ರೊಸೆಸರ್ ಸಮೇತ ಕಿತ್ತು ಬಂದು ಪಿನ್‌ಗಳು ಬಾಗುತ್ತವೆ. ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಹೊರಳಿಸಿ, ಸಡಿಲಾದ ಮೇಲೆ ಎತ್ತಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಮೆತ್ತನೆಯ ಬಟ್ಟೆಯಿಂದ ಪೂರ್ತಿ ಒರೆಸಿ. ಪೆಟ್ರೋಲ್, ಥಿನ್ನರ್ ಬೇಡ. ಹೊಸ ಪೇಸ್ಟ್ ನಟ್ಟನಡುವೆ ಎರಡು ಬಿಳಿಜೋಳದ ಕಾಳಿನಷ್ಟು ಸಾಕು. ಒತ್ತಿದಾಗ ತಾನೇ ಹರಡುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಎಂಬುದು ತಪ್ಪು ತಿಳಿವಳಿಕೆ. ಪೇಸ್ಟಿನ ಕೆಲಸ ಲೋಹದ ಸಣ್ಣ ಸಣ್ಣ ತಗ್ಗು ತುಂಬುವುದು ಮಾತ್ರ.

ಇಂಟೆಲ್‌ನ ಜೊತೆ ಬರುವ ಹೀಟ್‌ಸಿಂಕಿಗೆ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳು. ತೆಗೆಯುವಾಗ ಪ್ರತಿ ಪಿನ್ನಿನ ತಲೆಯನ್ನು ಬಾಣದ ಗುರುತಿನ ಕಡೆ ಕಾಲು ಸುತ್ತು ತಿರುಗಿಸಿ ಮೇಲೆಳೆಯಬೇಕು. ಮತ್ತೆ ಹಾಕುವ ಮೊದಲು ಹಿಂದಕ್ಕೆ ತಿರುಗಿಸಿರಬೇಕು. ಮೂಲೆಯಿಂದ ಎದುರು ಮೂಲೆಗೆ ಕರ್ಣವಾಗಿ ಒತ್ತಿ, ಟಕ್ ಎನ್ನುವವರೆಗೆ. ನಂತರ ಬೋರ್ಡಿನ ಹಿಂಬದಿ ನೋಡಿ: ನಾಲ್ಕೂ ಕಡೆ ಬಿಳಿ ಕಾಲುಗಳು ಅಗಲವಾಗಿ, ನಡುವೆ ಕಪ್ಪು ಪಿನ್ ಇಳಿದಿರಬೇಕು. ಒಂದು ಪಿನ್ ಕೂರದಿದ್ದರೂ ಆ ಮೂಲೆ ಎದ್ದು, ಹೊಸ ಪೇಸ್ಟ್ ಹಾಕಿದ ಮೇಲೂ 95 ಡಿಗ್ರಿ ಬರುತ್ತದೆ. ಹಳೆಯ ಪಿನ್‌ನ ಕಾಲು ಮುರಿದಿದ್ದರೆ ದಾರ, ತಂತಿ ಕಟ್ಟಬೇಡಿ. ಹೊಸ ಪಿನ್ ಅಥವಾ ಹಿಂದೆ ತಟ್ಟೆ ಕೊಟ್ಟು ಸ್ಕ್ರೂ ಹಾಕುವ ಕೂಲರ್ ತನ್ನಿ.

ಲಕ್ಷಣ: ಪ್ರೊಸೆಸರ್ ತಂಪಾಗಿದೆ, ಆದರೂ ವೇಗ ಬಿದ್ದು ಏಳುತ್ತಿದೆ

ಕೋರ್ 60 ಡಿಗ್ರಿಯಲ್ಲೇ ಇದೆ, ಕ್ಲಾಕ್ ಮಾತ್ರ ಕೆಲವು ಸೆಕೆಂಡಿಗೊಮ್ಮೆ ನೆಲಕ್ಕೆ ಬೀಳುತ್ತದೆ ಎಂದರೆ ಬಿಸಿಯಾಗಿರುವುದು ವಿಆರ್‌ಎಂ. ಸಾಕೆಟ್ಟಿನ ಪಕ್ಕ ಸಾಲಾಗಿರುವ ಚಿಕ್ಕ ಕಪ್ಪು ಮಾಸ್ಫೆಟ್‌ಗಳು, ಕಾಯಿಲ್‌ಗಳು, ಕೆಪ್ಯಾಸಿಟರ್‌ಗಳು ಸೇರಿದ್ದು. 12 ವೋಲ್ಟನ್ನು ಚಿಪ್ಪಿಗೆ ಬೇಕಾದ 1.2, 1.3 ವೋಲ್ಟಿಗೆ ಇಳಿಸುವ ಭಾಗ. ಎಫ್‌ಎಕ್ಸ್-8350 125 ವ್ಯಾಟಿನ ಚಿಪ್ಪು. ಅದನ್ನು ಮಾಸ್ಫೆಟ್ ಮೇಲೆ ಹೀಟ್‌ಸಿಂಕ್ ಇಲ್ಲದ ಅಗ್ಗದ ಬೋರ್ಡಿಗೆ ಹಾಕಿದರೆ 4.0ದಿಂದ 1.4ಕ್ಕೆ ಬಿದ್ದು ಬಿದ್ದು ಏಳುತ್ತದೆ. ಒಂದು ಸಣ್ಣ ಫ್ಯಾನನ್ನು ವಿಆರ್‌ಎಂ ಕಡೆ ತಿರುಗಿಸಿಟ್ಟು ಮತ್ತೆ ಪರೀಕ್ಷಿಸಿ. ಕುಸಿತ ನಿಂತರೆ ರೋಗ ಅಲ್ಲೇ ಇದೆ. ಖಾಯಂ ಪರಿಹಾರವೆಂದರೆ ಅಲ್ಲಿ ಗಾಳಿ ಆಡುವಂತೆ ಮಾಡುವುದು ಅಥವಾ 95 ವ್ಯಾಟಿನ ಚಿಪ್ಪಿಗೆ ಇಳಿಯುವುದು. ಮಾಸ್ಫೆಟ್ ಬೆರಳಿನಿಂದ ಮುಟ್ಟಿ ನೋಡಬೇಡಿ, ಚರ್ಮ ಸುಡುತ್ತದೆ.

ಲಕ್ಷಣ: ಭಾರ ಬಿದ್ದ ಕೂಡಲೇ ರೀಸ್ಟಾರ್ಟ್ ಆಗುತ್ತದೆ

ನೀಲಿ ಪರದೆಯೂ ಇಲ್ಲದೆ ತಟ್ಟನೆ ಆರಿ ಹೊತ್ತಿಕೊಂಡರೆ, ವಿಂಡೋಸ್ ಈವೆಂಟ್ ವ್ಯೂವರಿನಲ್ಲಿ ಕರ್ನಲ್-ಪವರ್ 41 ಮಾತ್ರ ಕಂಡರೆ, ವಿದ್ಯುತ್ ಪೂರೈಕೆಯ ಮೇಲೆ ಸಂಶಯವಿಡಿ. ಕರೆಂಟು ಹೋಗಿ ಇನ್ವರ್ಟರಿಗೆ ಬದಲಾಗುವ ಕ್ಷಣದಲ್ಲಷ್ಟೇ ಆಗುತ್ತಿದ್ದರೆ ಪ್ರೊಸೆಸರಿನ ತಪ್ಪೇನಿಲ್ಲ. ಇನ್ವರ್ಟರಿನ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ. ಸ್ಕ್ವೇರ್ ವೇವ್ ಇನ್ವರ್ಟರ್‌ಗಳ ಮೇಲೆ ಆಕ್ಟಿವ್ ಪಿಎಫ್‌ಸಿ ಇರುವ ಒಳ್ಳೆಯ ಎಸ್‌ಎಂಪಿಎಸ್ ಕೂಡ ಆರಬಹುದು.

ಕರೆಂಟು ಸ್ಥಿರವಿದ್ದಾಗಲೂ ಆಗುತ್ತಿದ್ದರೆ ಪ್ರೊಸೆಸರಿನ ನಾಲ್ಕು ಪಿನ್ನಿನ 12 ವೋಲ್ಟ್ ಪ್ಲಗ್ ಬಿಗಿಯಾಗಿದೆಯೇ, ಕಂದು ಬಣ್ಣಕ್ಕೆ ತಿರುಗಿದೆಯೇ ನೋಡಿ. ನಂತರ ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ನಾಲ್ಕು ಪಿನ್ನಿನ ಡಿಸ್ಕ್ ಪ್ಲಗ್ಗಿನ ಕಪ್ಪು ತಂತಿಗೆ, ಕೆಂಪು ಕಡ್ಡಿಯನ್ನು ಹಳದಿ ತಂತಿಗೆ ಇಟ್ಟು, ಪ್ರೈಮ್95 ಓಡುವಾಗಲೇ ಅಳೆಯಿರಿ. 11.4ರಿಂದ 12.6ರೊಳಗೆ ಇರಬೇಕು. ಕೆಂಪು ತಂತಿಯಲ್ಲಿ 4.75ರಿಂದ 5.25. ಸುಮ್ಮನಿದ್ದಾಗ 12.1 ಇದ್ದು ಭಾರಕ್ಕೆ 11.5ಕ್ಕೆ ಕುಸಿದರೆ, ಮಿತಿಯೊಳಗಿದ್ದರೂ ಆ ಎಸ್‌ಎಂಪಿಎಸ್ ಹೆಚ್ಚು ದಿನ ಬಾಳದು. ತಂತ್ರಾಂಶ ತೋರಿಸುವ ವೋಲ್ಟೇಜ್ ನಂಬಬೇಡಿ, ಎಷ್ಟೋ ಬೋರ್ಡ್‌ಗಳಲ್ಲಿ ಅದು ತಪ್ಪಿರುತ್ತದೆ. ಕ್ಯಾಬಿನೆಟ್ ಜೊತೆ ಬಂದ ಹೆಸರಿಲ್ಲದ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಬರೆದಿದ್ದರೂ 12 ವೋಲ್ಟಿನ ಮುಂದೆ ಎಷ್ಟು ಆಂಪಿಯರ್ ಬರೆದಿದೆ ಎಂಬುದೇ ಮುಖ್ಯ.

ಎಸ್‌ಎಂಪಿಎಸ್ ಡಬ್ಬಿಯನ್ನು ತೆರೆಯಬೇಡಿ. ಒಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿಯಬಹುದು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತಿದ್ದರೆ ಅರ್ಥಿಂಗ್ ಇಲ್ಲ ಎಂದರ್ಥ. ಉಳಿದ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಮೊದಲು ಸರಿಪಡಿಸಿ.

ಎಸ್‌ಎಂಪಿಎಸ್ ಒಳ್ಳೆಯದಿದ್ದರೆ ಬೋರ್ಡಿನ ಕೆಪ್ಯಾಸಿಟರ್ ನೋಡಿ. ಸಾಕೆಟ್ಟಿನ ಸುತ್ತಲಿನ ಡಬ್ಬಿಗಳ ನೆತ್ತಿ ಚಪ್ಪಟೆಯಾಗಿರಬೇಕು. ಪೂರಿಯಂತೆ ಉಬ್ಬಿದ್ದರೆ, ಕಂದು ರಸ ಒಸರಿದ್ದರೆ, ಅವೇ ಕಾರಣ. 2000ದ ದಶಕದ ಬೋರ್ಡ್‌ಗಳಲ್ಲಿ ಕೆಟ್ಟ ಎಲೆಕ್ಟ್ರೋಲೈಟ್‌ನ ದೆಸೆಯಿಂದ ಇದು ಜಗತ್ತಿನಾದ್ಯಂತ ಕಂಡ ರೋಗ. ಬದಲಿಸುವಾಗ ಮೈಕ್ರೊಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಲಿ, 105 ಡಿಗ್ರಿಯ ಲೋ-ಇಎಸ್‌ಆರ್ (ಒಳಗಿನ ತಡೆ ಕಡಿಮೆಯಿರುವ) ಜಾತಿಯದೇ ಆಗಿರಲಿ. ರೇಡಿಯೊ ರಿಪೇರಿಗೆ ಸಿಗುವ ಸಾಮಾನ್ಯ ಕೆಪ್ಯಾಸಿಟರ್ ಹಾಕಿದರೆ ಕೆಲವೇ ದಿನದಲ್ಲಿ ಮತ್ತೆ ಉಬ್ಬುತ್ತದೆ. ಬೋರ್ಡಿನ ಒಳಪದರಗಳು ಶಾಖ ಹೀರಿಕೊಳ್ಳುವುದರಿಂದ 25 ವ್ಯಾಟಿನ ಸಾಲ್ಡರಿಂಗ್ ಕಡ್ಡಿ ಸಾಲದು. ಕೈ ಪಳಗಿಲ್ಲದಿದ್ದರೆ ಬೋರ್ಡ್ ರಿಪೇರಿ ಮಾಡುವವರಿಗೆ ಕೊಡಿ.

ಲಕ್ಷಣ: ನೀಲಿ ಪರದೆ, ಇಲ್ಲವೇ ಪ್ರೈಮ್95ರಲ್ಲಿ ತಪ್ಪು ಲೆಕ್ಕ

ಪ್ರೈಮ್95ರಲ್ಲಿ ಒಂದು ವರ್ಕರ್ 'ರೌಂಡಿಂಗ್' ತಪ್ಪು ತೋರಿಸಿ ನಿಂತರೆ ಯಂತ್ರ ತಪ್ಪು ಲೆಕ್ಕ ಮಾಡಿದೆ. 'ಸ್ಮಾಲ್ ಎಫ್‌ಎಫ್‌ಟಿ' ಎರಡು ಗಂಟೆ ಪಾಸಾಗಿ 'ಬ್ಲೆಂಡ್' ಮಾತ್ರ ಬಿದ್ದರೆ ರ್‍ಯಾಮ್ ಕಡೆ ಹೋಗಿ. ಧಾರವಾಡದ ಜಿಟಿಜಿಟಿ ಮಳೆಯ ತಿಂಗಳುಗಳಲ್ಲಿ ರ್‍ಯಾಮ್ ಪಟ್ಟಿಯ ಸಂಪರ್ಕಗಳು ಮಂಕಾಗುತ್ತವೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಹಾಕಿ. ಒಂದೊಂದೇ ಪಟ್ಟಿ ಇಟ್ಟು ಮೆಮ್‌ಟೆಸ್ಟ್86+ ರಾತ್ರಿಯಿಡೀ ಓಡಿಸಿ. ಒಂದೇ ಒಂದು ತಪ್ಪು ಬಂದರೂ ಆ ಪಟ್ಟಿ ಬೇಡ. ಡಿಡಿಆರ್2ಕ್ಕೆ 1.8, ಡಿಡಿಆರ್3ಕ್ಕೆ 1.5 ವೋಲ್ಟ್ ಇದೆಯೇ ಬಯಾಸ್‌ನಲ್ಲಿ ನೋಡಿ.

'ಸ್ಮಾಲ್ ಎಫ್‌ಎಫ್‌ಟಿ' ಕೂಡಲೇ ಬಿದ್ದರೆ, ನೀಲಿ ಪರದೆಯ ಕೋಡ್ 124 ಅಥವಾ 101ರಲ್ಲಿ ಮುಗಿದರೆ, ಈವೆಂಟ್ ವ್ಯೂವರಿನಲ್ಲಿ ಹಾರ್ಡ್‌ವೇರ್ ತಪ್ಪು ದಾಖಲಿಸುವ ಡಬ್ಲ್ಯುಎಚ್‌ಇಎ-ಲಾಗರ್ ಸಾಲುಗಳಿದ್ದರೆ, ಕೋರ್ ವೋಲ್ಟೇಜ್ ಸಾಲದಾಗಿದೆ. ಆದರೆ ಬಯಾಸ್‌ನಲ್ಲಿ ವೋಲ್ಟೇಜ್ ಏರಿಸುವುದು ಕೊನೆಯ ಹೆಜ್ಜೆ. ಶಾಖ, ಎಸ್‌ಎಂಪಿಎಸ್, ಕೆಪ್ಯಾಸಿಟರ್ ಮೂರೂ ಸರಿಯಿವೆ ಎಂದು ಖಾತ್ರಿಯಾಗದೆ ಏರಿಸಿದರೆ ರೋಗ ಮುಚ್ಚಿಟ್ಟಂತೆ. ಸೊರಗಿದ ವಿಆರ್‌ಎಂ ಮೇಲೆ ಇನ್ನಷ್ಟು ಭಾರ ಬೀಳುತ್ತದೆ. ಭಾರಕ್ಕೆ ವೋಲ್ಟೇಜ್ 0.03ರಿಂದ 0.05ರಷ್ಟು ಇಳಿಯುವುದು ವಿನ್ಯಾಸದಲ್ಲೇ ಇದೆ, ಅದಕ್ಕೆ ಗಾಬರಿ ಬೇಡ. ಏರಿಸಲೇಬೇಕಾದರೆ 0.025ರ ಒಂದು ಮೆಟ್ಟಿಲು, ಪರೀಕ್ಷೆ, ಬೇಕಾದರೆ ಇನ್ನೊಂದು ಮೆಟ್ಟಿಲು, ಅಷ್ಟೇ. ಇ7500, ಇ8400 ಜಾತಿಯ 45 ನ್ಯಾನೊಮೀಟರ್ ಚಿಪ್ಪುಗಳಲ್ಲಿ 1.3625 ವೋಲ್ಟ್ ದಾಟಬೇಡಿ.

ಲಕ್ಷಣ: ವೇಗ ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ತೋರಿಸುತ್ತದೆ, ಆಗಾಗ ಹ್ಯಾಂಗ್ ಆಗುತ್ತದೆ

ಹಿಂದಿನ ಮಾಲೀಕರು ಓವರ್‌ಕ್ಲಾಕ್ ಮಾಡಿದ್ದಾರೆ. ಡಿಫಾಲ್ಟ್ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹೋಗದಿದ್ದರೆ ಚಿಪ್ಪಿನ ಅಡಿ ನೋಡಿ. ಇ2160ರಂಥ 1.8 ಗಿಗಾಹರ್ಟ್ಸ್ ಚಿಪ್ಪುಗಳ ಒಂದು ಬಿಂದುವಿಗೆ ಟೇಪ್ ಅಂಟಿಸಿ ಬಸ್ಸನ್ನು 200ರಿಂದ 266ಕ್ಕೆ, ವೇಗವನ್ನು 2.4ಕ್ಕೆ ಏರಿಸುವ ಚಾಳಿ ಇತ್ತು. ಟೇಪ್ ತೆಗೆದು ಆಲ್ಕೊಹಾಲಿನಿಂದ ಒರೆಸಿ. ಬಸ್ ವೇಗ ಆರಿಸುವ ಅದೇ ಬಿಂದುಗಳ ಮೇಲೆ ಪೇಸ್ಟ್ ಅಥವಾ ಕೊಳೆ ಕೂತರೂ ಬಸ್ ತಪ್ಪಾಗುತ್ತದೆ. ಸಾಕೆಟ್ಟಿನೊಳಗಿನ ಪಿನ್ ಬಾಗಿದ್ದು ಕಂಡರೆ ಸೂಜಿ ಹಿಡಿದು ಪ್ರಯೋಗಕ್ಕೆ ಇಳಿಯಬೇಡಿ, ಮೈಕ್ರೊಸ್ಕೋಪ್ ಇರುವವರಿಗೆ ಒಪ್ಪಿಸಿ.

ಇಷ್ಟೆಲ್ಲ ಮಾಡಿದ ಮೇಲೂ ತಪ್ಪು ನಿಲ್ಲದಿದ್ದರೆ

ಈಗ ಪ್ರೊಸೆಸರ್ ಮೇಲೆ ಸಂಶಯ ಪಡಬಹುದು. ನಿಮ್ಮ ಚಿಪ್ಪನ್ನು ಚೆನ್ನಾಗಿ ಓಡುತ್ತಿರುವ ಇನ್ನೊಂದು ಬೋರ್ಡಿಗೆ ಹಾಕಿ ಎರಡು ಗಂಟೆ ಪರೀಕ್ಷಿಸಿ. ಒಳ್ಳೆಯ ಚಿಪ್ಪನ್ನು ತಂದು ಸಂಶಯದ ಬೋರ್ಡಿಗೆ ಹಾಕುವುದು ಬೇಡ, ಅದರ ವಿಆರ್‌ಎಂ ಕೆಟ್ಟಿದ್ದರೆ ಅದೂ ಹೋದೀತು. ಆ ಇನ್ನೊಂದು ಬೋರ್ಡಿನಲ್ಲೂ ನಿಮ್ಮ ಚಿಪ್ಪು ಪರೀಕ್ಷೆಯಲ್ಲಿ ಬಿದ್ದರೆ ಚಿಪ್ಪೇ ದುರ್ಬಲ. ಮಲ್ಟಿಪ್ಲೈಯರ್ ಒಂದೆರಡು ಇಳಿಸಿದರೆ, ಇ7500ನ್ನು 10ಕ್ಕೆ ತಂದು 2.66ರಲ್ಲಿ ಓಡಿಸಿದರೆ, ಹಾಡು ಕೇಳಲು, ಮಕ್ಕಳು ಟೈಪಿಂಗ್ ಕಲಿಯಲು ಸಾಕಾಗಬಹುದು. ಅಂಗಡಿಯ ಲೆಕ್ಕ, ಜಮೀನಿನ ದಾಖಲೆ, ಮುದ್ರಣಕ್ಕೆ ಹೋಗುವ ಪುಟಗಳನ್ನು ಮಾತ್ರ ಅದರ ಮೇಲೆ ಇಡಬೇಡಿ. ತಪ್ಪು ಲೆಕ್ಕ ಮಾಡುವ ಚಿಪ್ಪು ಪ್ರತಿ ಸಲವೂ ಹ್ಯಾಂಗ್ ಆಗಿ ಎಚ್ಚರಿಸುವುದಿಲ್ಲ, ಕೆಲವೊಮ್ಮೆ ಫೈಲಿನ ನಡುವೆ ಒಂದಂಕಿ ಸದ್ದಿಲ್ಲದೆ ಬದಲಾಗಿರುತ್ತದೆ. ಅಂಥ ಯಂತ್ರದಲ್ಲಿರುವ ಫೈಲುಗಳನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ತಾಳೆ ನೋಡಿ, ಆಮೇಲೆಯೇ ಹಳೆಯ ಬ್ಯಾಕಪ್ ಅಳಿಸಿ.